ಮಕ್ಕಳ ಚಿತ್ರಗಳಿಗೆ ಮನೆಯಲ್ಲೇ ಒಂದು ಬೋರ್ಡ್: ಮೊದಲು ಕ್ಲಿಪ್, ಆಮೇಲೆ ಹಲಗೆ

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗನಿಗೆ ಏಳು ವರ್ಷ, ಮಗಳಿಗೆ ಮೂರು. ಇಬ್ಬರೂ ದಿನವೂ ಚಿತ್ರ ಬಿಡಿಸುತ್ತಾರೆ. ಫ್ರಿಜ್ ಬಾಗಿಲು ತುಂಬಿಹೋಗಿದೆ. ಗೋಡೆಗೆ ಟೇಪ್ ಹಾಕಿ ಅಂಟಿಸಿದ್ದಕ್ಕೆ ಬಣ್ಣ ಕಿತ್ತು ಬಂದಿದೆ. ಮನೆಯಲ್ಲೇ ಒಂದು ಬೋರ್ಡ್ ಮಾಡೋಣ ಅಂದುಕೊಂಡಿದ್ದೇವೆ. ಸಾಫ್ಟ್ ಬೋರ್ಡ್, ಕಾರ್ಕ್, ಥರ್ಮಾಕೋಲ್, ಇವುಗಳಲ್ಲಿ ಯಾವುದು ಒಳ್ಳೆಯದು? ಎಷ್ಟು ದೊಡ್ಡದು ಬೇಕು? ಚಿಕ್ಕವಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ದೊಡ್ಡವನು ಹಳೆಯ ಚಿತ್ರ ತೆಗೆದರೆ ಅಳುತ್ತಾನೆ. ನಮ್ಮ ಹತ್ತಿರ ಡ್ರಿಲ್, ಗರಗಸ, ಸ್ಕ್ರೂಡ್ರೈವರ್ ಬಿಟ್ಟರೆ ಬೇರೆ ಉಪಕರಣ ಇಲ್ಲ.

ಉತ್ತರ: ನೀವು ಕೇಳಿದ ಮೂರರಲ್ಲಿ ಯಾವುದೂ ಬೇಡ. ಯಾಕೆ ಅಂತ ಹೇಳುತ್ತೇನೆ.

ಬೋರ್ಡ್ ಮಾಡಲು ಹೊರಟವರೆಲ್ಲ ಮೊದಲು ಹಲಗೆಯ ಬಗ್ಗೆ ಯೋಚಿಸುತ್ತಾರೆ. ಕಾಗದವನ್ನು ಅದಕ್ಕೆ ಹೇಗೆ ಸಿಕ್ಕಿಸುವುದು ಅನ್ನುವುದು ಕೊನೆಗೆ ಬರುತ್ತದೆ. ಇದನ್ನು ತಿರುಗಿಸಿ. ಕಾಗದವನ್ನು ಹಿಡಿಯುವುದು ಯಾವುದು, ಅದನ್ನು ಮಗು ತಾನೇ ಬಳಸಬಲ್ಲದೇ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಉಳಿದದ್ದೆಲ್ಲ, ಅಂದರೆ ಹಲಗೆ, ಅಳತೆ, ಗೋಡೆಯ ಎತ್ತರ, ಅದರ ಹಿಂದೆಯೇ ಬರುತ್ತದೆ. ಚಿತ್ರ ಬದಲಿಸಲು ಪ್ರತಿ ಸಲ ಅಪ್ಪನೋ ಅಮ್ಮನೋ ಬರಬೇಕು ಅಂತಾದರೆ ಆ ಬೋರ್ಡು ತುಂಬಾ ದಿನ ನಡೆಯುವುದಿಲ್ಲ. ಮೊದಲ ವಾರ ಹಾಕಿದ ಚಿತ್ರಗಳೇ ವರ್ಷವಿಡೀ ಧೂಳು ಹಿಡಿದು ಕೂತಿರುತ್ತವೆ.

ಸಾಫ್ಟ್ ಬೋರ್ಡ್ ಮತ್ತು ಕಾರ್ಕ್ ಎರಡೂ ಇರುವುದೇ ಪಿನ್ ಚುಚ್ಚಲಿಕ್ಕೆ. ನಿಮ್ಮ ಮನೆಯಲ್ಲಿ ಮೂರು ವರ್ಷದ ಮಗು ಇದೆ, ಅದೂ ಬಾಯಿಗೆ ಹಾಕುವ ಮಗು. ಹಾಗಾಗಿ ಪಿನ್ ಬೇಡವೇ ಬೇಡ. ಆಟಿಕೆ ಪರೀಕ್ಷಿಸುವವರು ಮೂರು ವರ್ಷದೊಳಗಿನ ಮಕ್ಕಳಿಗಾಗಿ 31.7 ಮಿಲಿಮೀಟರ್ ಅಗಲದ ಒಂದು ಸಣ್ಣ ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ವಸ್ತು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ಪುಶ್ ಪಿನ್ ಅದರೊಳಗೆ ಆರಾಮಾಗಿ ಬೀಳುತ್ತದೆ, ಜೊತೆಗೆ ಚೂಪು ಬೇರೆ. ಮಗಳಿಗೆ ಮೂರು ತುಂಬಿದ್ದರೂ ಬಾಯಿಗೆ ಹಾಕುವ ಅಭ್ಯಾಸ ಇರುವವರೆಗೆ ಈ ಅಳತೆಯನ್ನೇ ಪಾಲಿಸಿ.

ಹಾಗಾದರೆ ಮ್ಯಾಗ್ನೆಟ್? ಅದು ಪಿನ್ನಿಗಿಂತ ಅಪಾಯ. ಗುಂಡಿಯಷ್ಟು ಚಿಕ್ಕದಾದ, ಬೆಳ್ಳಿಯಂತೆ ಹೊಳೆಯುವ ನಿಯೋಡಿಮಿಯಂ ಮ್ಯಾಗ್ನೆಟ್‌ಗಳು ಬರುತ್ತವಲ್ಲ, ಅವನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಲೇಬೇಡಿ. ಎರಡು ನುಂಗಿದರೆ ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿ ನಿಂತು ಒಂದನ್ನೊಂದು ಎಳೆಯುತ್ತವೆ. ಮಧ್ಯೆ ಸಿಕ್ಕ ಕರುಳಿನ ಗೋಡೆ ತೂತಾಗಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ನೋಡೋಣ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಫ್ರಿಜ್ ಮೇಲೆ ಅಂಥವು ಈಗಾಗಲೇ ಇದ್ದರೆ ಇವತ್ತೇ ತೆಗೆದಿಡಿ.

ಥರ್ಮಾಕೋಲ್ ಬಗ್ಗೆ ಎರಡೇ ಮಾತು. ಅಂಚು ಮುರಿದರೆ ಸಣ್ಣ ಸಣ್ಣ ಮಣಿಗಳಾಗಿ ಉದುರುತ್ತದೆ, ಅವು ಮತ್ತೆ ಬಾಯಿಗೆ ಹೋಗುತ್ತವೆ. ಬೆಂಕಿ ಬೇಗ ಹಿಡಿಯುತ್ತದೆ. ಅಗ್ಗ ಅನ್ನುವುದು ಬಿಟ್ಟರೆ ಅದರ ಪರವಾಗಿ ಹೇಳಲು ನನಗೆ ಏನೂ ಹೊಳೆಯುವುದಿಲ್ಲ.

ಉಳಿಯುವುದು ಕ್ಲಿಪ್. ಅದರಲ್ಲೂ ಬಟ್ಟೆ ಒಣಹಾಕುವ ಮರದ ಕ್ಲಿಪ್. ಆಫೀಸಿನಲ್ಲಿ ಬಳಸುವ ಕಪ್ಪು ಬೈಂಡರ್ ಕ್ಲಿಪ್ ಚಿಕ್ಕ ಕೈಗೆ ತುಂಬಾ ಗಟ್ಟಿ, ಬೆರಳಿಗೆ ಕಚ್ಚುತ್ತದೆ. ಮರದ ಕ್ಲಿಪ್ಪಿನ ಸ್ಪ್ರಿಂಗ್ ಮೆದು. ಸುಮ್ನೆ ಕೈಯಲ್ಲಿ ಹಿಡಿದು ಎರಡು ಬೆರಳಿನಲ್ಲಿ ಒತ್ತುವುದು ಮೂರು ವರ್ಷದ ಮಗುವಿಗೆ ಕಷ್ಟ ಆಗಬಹುದು. ಆದರೆ ಅದೇ ಕ್ಲಿಪ್ಪನ್ನು ಬೋರ್ಡಿಗೆ ಗಟ್ಟಿಯಾಗಿ ಕೂರಿಸಿಬಿಟ್ಟರೆ ಮಗು ಒಂದು ಅಂಗೈಯಿಂದ ಒತ್ತಿದರೆ ಸಾಕು, ಬಾಯಿ ತೆರೆದುಕೊಳ್ಳುತ್ತದೆ. ಇನ್ನೊಂದು ಕೈ ಕಾಗದ ಹಿಡಿಯಲು ಖಾಲಿ ಇರುತ್ತದೆ. ಕ್ಲಿಪ್ ಕಳೆದುಹೋಗುವುದೂ ಇಲ್ಲ, ಕೆಳಗೆ ಬೀಳುವುದೂ ಇಲ್ಲ. ನಾನು ಹೇಳುವ ಬೋರ್ಡ್ ಪೂರ್ತಿ ನಿಂತಿರುವುದು ಇದರ ಮೇಲೆ.

ಈಗ ಹಲಗೆ. ಪಿನ್ ಚುಚ್ಚುವುದಿಲ್ಲ ಅಂದಮೇಲೆ ಮೆತ್ತಗಿನ ಹಲಗೆ ಯಾಕೆ ಬೇಕು? 6 ಮಿಲಿಮೀಟರ್ ಪ್ಲೈವುಡ್ ಧಾರಾಳ ಸಾಕು. ಬಟ್ಟೆಯ ಹೊದಿಕೆಯೂ ಬೇಡ. ಬಟ್ಟೆ ಚೆಂದ ಕಾಣುತ್ತದೆ ನಿಜ, ಆದರೆ ಧೂಳು ಮತ್ತು ಬಣ್ಣದ ಕೈಗಳ ಗುರುತು ಎಲ್ಲ ಅದರಲ್ಲಿ ಕೂರುತ್ತದೆ. ಬಣ್ಣ ಬಳಿದ ಪ್ಲೈವುಡ್ ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಅಳತೆಯ ವಿಷಯಕ್ಕೆ ಬರೋಣ. ಮಕ್ಕಳು ಜಾಸ್ತಿ ಬಳಸುವುದು ಎ4 ಹಾಳೆ. ಅದು 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಸಾಮಾನ್ಯವಾಗಿ ಜನ 90 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಹಲಗೆ ತರುತ್ತಾರೆ. ನೋಡಲು ಸರಿಯಾದ ಆಕಾರ ಅನ್ನಿಸುತ್ತದೆ. ಆದರೆ ಎರಡು ಸಾಲು ನಿಂತ ಹಾಳೆಗೇ 59.4 ಸೆಂ.ಮೀ. ಬೇಕು. ಕ್ಲಿಪ್ಪಿಗೆ ಜಾಗ ಎಲ್ಲಿ? ಕೊನೆಗೆ ಒಂದೇ ಸಾಲು ಹಾಕಿ, ಕೆಳಗಿನ ಅರ್ಧ ಖಾಲಿ ಬಿಡಬೇಕಾಗುತ್ತದೆ. ಅದಕ್ಕೇ ನಿಮಗೆ 90 ಅಗಲ, 80 ಎತ್ತರ ಅಂತ ಹೇಳುತ್ತೇನೆ. ಆರು ಹಾಳೆ ಹಿಡಿಸುತ್ತದೆ. ಇಬ್ಬರು ಮಕ್ಕಳಿಗೆ ಮೂರು ಮೂರು. ಕಮ್ಮಿ ಆಯಿತು ಅನ್ನಿಸಬಹುದು. ಆದರೆ ಇಪ್ಪತ್ತು ಚಿತ್ರ ಒತ್ತೊತ್ತಾಗಿ ಹಾಕಿದರೆ ಯಾರೂ ಒಂದನ್ನೂ ಸರಿಯಾಗಿ ನೋಡುವುದಿಲ್ಲ. ಫ್ರಿಜ್ ಬಾಗಿಲಲ್ಲಿ ಆಗಿರುವುದೂ ಅದೇ ಅಲ್ವಾ?

ಪ್ಲೈವುಡ್ಡನ್ನು ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಕೊಡಲು ಕೇಳಿ. ಉದ್ದನೆಯ ನೇರ ಕತ್ತರಿಕೆ ಕೈಗರಗಸದಲ್ಲಿ ಮಾಡುವುದು ಬೇಜಾರಿನ ಕೆಲಸ. ಇದರ ಜೊತೆ 3 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಮರದ ರೀಪು ಬೇಕು. 90 ಸೆಂ.ಮೀ.ಯ ಎರಡು ತುಂಡು ಮುಂಭಾಗಕ್ಕೆ, 80 ಸೆಂ.ಮೀ.ಯ ಎರಡು ತುಂಡು ಹಿಂಭಾಗಕ್ಕೆ. ಹಿಂಭಾಗದ ಎರಡನ್ನು ಎಡ ಮತ್ತು ಬಲ ಅಂಚಿಗೆ ಉದ್ದಕ್ಕೆ ಅಂಟಿಸುತ್ತೀರಿ. ತೆಳ್ಳಗಿನ ಪ್ಲೈವುಡ್ ಬಾಗದಂತೆ ಅವು ಹಿಡಿದಿಡುತ್ತವೆ. ಜೊತೆಗೆ ಬೋರ್ಡಿಗೂ ಗೋಡೆಗೂ ನಡುವೆ 1 ಸೆಂ.ಮೀ. ಗಾಳಿಯ ಜಾಗ ಬಿಡುತ್ತವೆ. ಮಳೆ ಬೀಳುವ ಕಡೆಯ ಗೋಡೆ ಆಗಿದ್ದರೆ ಈ ಜಾಗ ತುಂಬಾ ಮುಖ್ಯ. ಇಲ್ಲದಿದ್ದರೆ ತೇವ ಕೂತು ಹಲಗೆಯ ಬೆನ್ನಿಗೆ ಬೂಸು ಬರುತ್ತದೆ.

ಎಲ್ಲ ಅಂಚುಗಳನ್ನೂ ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ. ನಾಲ್ಕು ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ. ಈ ಬೋರ್ಡ್ ಮಕ್ಕಳ ತಲೆಯ ಎತ್ತರದಲ್ಲೇ ಇರುತ್ತದೆ ಅನ್ನುವುದು ನೆನಪಿರಲಿ. ಆಮೇಲೆ ನೀರಿನಲ್ಲಿ ಬೆರೆಯುವ ಪೇಂಟ್ ಎರಡು ಕೋಟ್ ಬಳಿಯಿರಿ. ಬೆನ್ನಿಗೂ ಬಳಿಯಬೇಕು. ಒಂದೇ ಬದಿಗೆ ಬಳಿದರೆ ಎರಡು ಬದಿ ತೇವ ಹೀರುವುದರಲ್ಲಿ ವ್ಯತ್ಯಾಸ ಆಗಿ ಹಲಗೆ ಸೊಟ್ಟಗಾಗುತ್ತದೆ. ರೀಪು ಮತ್ತು ಕ್ಲಿಪ್ ಅಂಟಿಸುವ ಜಾಗಕ್ಕೆ ಮಾತ್ರ ಬಣ್ಣ ಬೇಡ. ಅಂಟು ಮರವನ್ನು ಹಿಡಿಯಬೇಕು, ಪೇಂಟನ್ನಲ್ಲ.

ಯಾವ ಬಣ್ಣ? ಮಕ್ಕಳನ್ನು ಕೇಳಿದರೆ ಗುಲಾಬಿಯೋ ಕಡು ಹಳದಿಯೋ ಅನ್ನುತ್ತಾರೆ. ಇದೊಂದನ್ನು ಮಾತ್ರ ನೀವೇ ತೀರ್ಮಾನ ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಹೊಳಪಿಲ್ಲದ ಬೂದು ಒಳ್ಳೆಯದು. ತುಂಬಾ ಬಿಳಿಯೂ ಅಲ್ಲದ, ತುಂಬಾ ಕಪ್ಪೂ ಅಲ್ಲದ ನಡುವಿನ ಬೂದು. ಬಿಳಿ ಹಾಳೆ ಅದರ ಮೇಲೆ ಎದ್ದು ಕಾಣುತ್ತದೆ, ಚಿತ್ರದ ಯಾವ ಬಣ್ಣದ ಜೊತೆಗೂ ಅದು ಜಗಳಕ್ಕೆ ಬರುವುದಿಲ್ಲ. ಮಕ್ಕಳಿಗೆ ಬೇಕಾದ ಬಣ್ಣವನ್ನು ರೀಪುಗಳಿಗೆ ಬಳಿಯಲು ಬಿಡಿ, ಕ್ಲಿಪ್ ಕೂರುವ ಮುಖ ಬಿಟ್ಟು.

ಕ್ಲಿಪ್ ಕೂರಿಸುವುದು ಇಡೀ ಕೆಲಸದಲ್ಲಿ ಸ್ವಲ್ಪ ಗಮನ ಬೇಕಾದ ಭಾಗ. ಒಂದು ರೀಪಿಗೆ ಆರು ಕ್ಲಿಪ್. ಎಡ ತುದಿಯಿಂದ 7.5 ಸೆಂ.ಮೀ.ಗೆ ಮೊದಲನೆಯದು, ಅಲ್ಲಿಂದ 15 ಸೆಂ.ಮೀ.ಗೆ ಒಂದೊಂದು. ಹೀಗೆ ಹಾಕಿದರೆ ಪ್ರತಿ ಹಾಳೆಗೂ ಎರಡು ಕ್ಲಿಪ್ ಸಿಗುತ್ತದೆ. ಒಂದೇ ಕ್ಲಿಪ್ ಹಾಕಿದರೆ ಪೇಂಟ್ ಮಾಡಿದ ಹಾಳೆ ಎರಡೂ ಬದಿಯಿಂದ ಸುರುಳಿ ಸುತ್ತಿಕೊಳ್ಳುತ್ತದೆ. ಎರಡಿದ್ದರೆ ನೆಟ್ಟಗೆ ನಿಲ್ಲುತ್ತದೆ. ಹಾಳೆ ಅಡ್ಡ ಇದ್ದರೂ, ಎ4ರ ಎರಡರಷ್ಟಿರುವ ಎ3 ಹಾಳೆಯನ್ನು ಅಡ್ಡ ಹಾಕಿದರೂ ಇದೇ ಕ್ಲಿಪ್‌ಗಳು ಆಗುತ್ತವೆ, ಎ3ಗೆ ಮಾತ್ರ ಅಕ್ಕಪಕ್ಕದ ಒಂದು ಜಾಗ ಬಿಟ್ಟುಕೊಡಬೇಕಾಗುತ್ತದೆ ಅಷ್ಟೆ.

ಮರದ ಕ್ಲಿಪ್ಪಿನ ಬೆನ್ನನ್ನು ಬೆರಳಲ್ಲಿ ಸವರಿ ನೋಡಿ. ಸ್ಪ್ರಿಂಗ್ ತಂತಿ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಹಾಗಾಗಿ ಇಡೀ ಕ್ಲಿಪ್ಪನ್ನು ಹಲಗೆಗೆ ಚಪ್ಪಟೆಯಾಗಿ ಅಂಟಿಸಲು ಹೋದರೆ ಕೂರುವುದಿಲ್ಲ. ರೀಪು ಬೇಕಾಗುವುದು ಇದಕ್ಕೇ. ಕ್ಲಿಪ್ಪಿನ ಹಿಡಿ, ಅಂದರೆ ನಾವು ಬೆರಳಿಟ್ಟು ಒತ್ತುವ ಭಾಗ, ರೀಪಿನ ಮೇಲೆ ಇರಲಿ. ಸ್ಪ್ರಿಂಗ್ ಮತ್ತು ಬಾಯಿ ರೀಪಿನ ಕೆಳಗಿನ ಅಂಚಿನಿಂದ ಕೆಳಕ್ಕೆ ಇಳಿದಿರಲಿ. ಹಿಂದಿನ ಹಿಡಿಯನ್ನು ಮಾತ್ರ ಅಂಟಿಸಬೇಕು. ಮರಗೆಲಸದ ಬಿಳಿ ಅಂಟು ಸಾಕು. ಕ್ಲಿಪ್ಪಿನ ಮೇಲೆ ಮೇಣದಂಥ ನುಣುಪು ಇದ್ದರೆ ಮೊದಲು ಉಪ್ಪುಕಾಗದದಲ್ಲಿ ಉಜ್ಜಿ. ಪ್ಲಾಸ್ಟಿಕ್ ಕ್ಲಿಪ್ ತರಬೇಡಿ, ಬಿಳಿ ಅಂಟಿಗೆ ಅದು ಹಿಡಿಯುವುದಿಲ್ಲ.

ಅಂಟು ಒಂದೇ ಸಾಲುತ್ತದಾ, ಮಕ್ಕಳು ಕಿತ್ತುಬಿಡುವುದಿಲ್ವಾ ಅಂತ ಕೇಳಬಹುದು. ಮಗು ಒತ್ತಿದಾಗ ಬಲ ಬೀಳುವುದು ರೀಪಿನ ಕಡೆಗೆ. ಅಂದರೆ ಒತ್ತಿದಷ್ಟೂ ಕ್ಲಿಪ್ ರೀಪಿಗೆ ಅಮರುತ್ತದೆ. ಕಾಗದ ಎಳೆದಾಗ ಮಾತ್ರ ಕೆಳಕ್ಕೆ ಸ್ವಲ್ಪ ಬಲ ಬೀಳುತ್ತದೆ, ಅದಕ್ಕೆ ಕಾಗದವೇ ಮೊದಲು ಜಾರಿಕೊಂಡು ಬರುತ್ತದೆ. ರೀಪನ್ನು ಮೇಜಿನ ಮೇಲೆ ಮಲಗಿಸಿ, ಕ್ಲಿಪ್‌ಗಳನ್ನು ಅಂಟಿಸಿ, ಒಂದು ಪೂರ್ತಿ ದಿನ ಅಲುಗಿಸದೆ ಬಿಡಿ. ಅಂಟು ಸ್ಪ್ರಿಂಗಿಗೆ ಇಳಿಯದಂತೆ ತೆಳ್ಳಗೆ ಹಚ್ಚಿ. ಒಣಗಿದ ಮೇಲೆ ಒಂದೊಂದನ್ನೂ ಜೋರಾಗಿ ಎಳೆದು ನೋಡಿ. ಕಿತ್ತು ಬರುವಂಥದ್ದು ನಿಮ್ಮ ಕೈಯಲ್ಲೇ ಬರಲಿ, ಮಗಳ ಕೈಯಲ್ಲಿ ಬೇಡ.

ಕ್ಲಿಪ್ ಕೂತ ರೀಪುಗಳನ್ನು ಹಲಗೆಗೆ ಅಂಟಿಸಿ. ಮೇಲಿನದು ಮೇಲಂಚಿನಿಂದ 1 ಸೆಂ.ಮೀ. ಕೆಳಗೆ, ಎರಡನೆಯದು ಮೇಲಂಚಿನಿಂದ 39 ಸೆಂ.ಮೀ. ಕೆಳಗೆ. ಅಂಟಿನ ಜೊತೆ ಬೆನ್ನಿನಿಂದ ಮೂರು ನಾಲ್ಕು ಚಿಕ್ಕ ಸ್ಕ್ರೂ ಹಾಕಿ. ಪ್ಲೈವುಡ್ 6, ರೀಪು 10, ಒಟ್ಟು 16 ಮಿಲಿಮೀಟರ್ ದಪ್ಪ. ಆದ್ದರಿಂದ 13 ಮಿಲಿಮೀಟರಿಗಿಂತ ಉದ್ದದ ಸ್ಕ್ರೂ ಬೇಡ, ಮುಂದೆ ತುದಿ ಇಣುಕಬಾರದು. ಮೊದಲು ಸಣ್ಣ ತೂತು ಕೊರೆದುಕೊಂಡರೆ ರೀಪು ಸೀಳುವುದಿಲ್ಲ.

ಗೋಡೆಗೆ ಹಾಕುವಾಗ ಹಗ್ಗ ಕಟ್ಟಿ ಒಂದು ಮೊಳೆಗೆ ನೇತುಹಾಕಬೇಡಿ. ಪೂರ್ತಿ ಆದ ಬೋರ್ಡ್ ಮೂರು ಮೂರೂವರೆ ಕಿಲೋ ತೂಗುತ್ತದೆ, ಮಕ್ಕಳು ಅದನ್ನು ಹಿಡಿದು ಜೋತಾಡುವುದೂ ಖಂಡಿತ. ಮುಂಭಾಗದ ಎರಡು ರೀಪುಗಳ ನಾಲ್ಕು ತುದಿಯಲ್ಲಿ ನೇರವಾಗಿ ಸ್ಕ್ರೂ ಹಾಕಿ. ಹಿಂಭಾಗದ ರೀಪೂ ಅಲ್ಲೇ ಸಿಗುತ್ತದೆ, ಎಲ್ಲ ಸೇರಿ 26 ಮಿಲಿಮೀಟರ್ ದಪ್ಪ. ಗೋಡೆಯೊಳಗೆ 35 ಮಿಲಿಮೀಟರ್ ಆದರೂ ಹೋಗಬೇಕು. ಹಾಗಾಗಿ 65 ಮಿಲಿಮೀಟರ್ ಸ್ಕ್ರೂ, ಜೊತೆಗೆ ಗೋಡೆಯ ತೂತಿಗೆ ತುರುಕುವ 6 ಮಿಲಿಮೀಟರ್ ಪ್ಲಗ್. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅಕ್ಕಪಕ್ಕದ ಅದೇ ಮಟ್ಟದಲ್ಲಿ ಕೊರೆಯಬೇಡಿ. ವೈರ್ ಹೋಗಿರುವುದು ಸಾಮಾನ್ಯವಾಗಿ ಅಲ್ಲೇ. ನಲ್ಲಿ ಇರುವ ಗೋಡೆಯಾದರೆ ಪೈಪಿನ ಬಗ್ಗೆಯೂ ಇಷ್ಟೇ ಎಚ್ಚರ ಇರಲಿ.

ಎತ್ತರದಲ್ಲಿ ದೊಡ್ಡವರು ಎಡವುತ್ತಾರೆ. ಚಿತ್ರಶಾಲೆಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂ.ಮೀ. ಎತ್ತರದಲ್ಲಿ ಇರುತ್ತದೆ, ಅದು ದೊಡ್ಡವರ ಕಣ್ಣಿನ ಮಟ್ಟ. ಮನೆಯಲ್ಲೂ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಮೂರು ವರ್ಷದ ಮಗು ಸುಮಾರು 95 ಸೆಂ.ಮೀ. ಎತ್ತರ ಇರುತ್ತದೆ, ಏಳು ವರ್ಷದ್ದು 120ರ ಆಸುಪಾಸು. ಕಣ್ಣು ಅದಕ್ಕಿಂತ 10 ಸೆಂ.ಮೀ.ನಷ್ಟು ಕೆಳಗೆ. ನಿಮ್ಮ ಬೋರ್ಡಿನ ಕೆಳ ಅಂಚು ನೆಲದಿಂದ 60 ಸೆಂ.ಮೀ.ಗೆ ಬರಲಿ. ಆಗ ಕೆಳಗಿನ ಸಾಲು ಮಗಳ ಕಣ್ಣಿನ ಮಟ್ಟಕ್ಕೆ, ಮೇಲಿನ ಸಾಲು ಮಗನ ಮಟ್ಟಕ್ಕೆ ಸರಿಯಾಗಿ ಬರುತ್ತದೆ. ಎರಡು ಸಾಲಿನ ಕ್ಲಿಪ್‌ಗಳೂ ಅವರವರ ಕೈಗೆ ಎಟುಕುತ್ತವೆ. ಯಾರ ಜಾಗ ಯಾವುದು ಅನ್ನುವ ಜಗಳಕ್ಕೂ ಇದರಲ್ಲೇ ಉತ್ತರ ಸಿಕ್ಕಿತು. ಕೆಳಗಿನ ಮೂರು ಅವಳದು, ಮೇಲಿನ ಮೂರು ಅವನದು. ನೋಡಲು ನೀವು ಬಗ್ಗಬೇಕಾಗುತ್ತದೆ. ಬಗ್ಗಿ.

ನೇರ ಬಿಸಿಲು ಬೀಳುವ ಗೋಡೆ ಬೇಡ. ಸ್ಕೆಚ್ ಪೆನ್ನಿನ ಬಣ್ಣ ನೀರಿನಲ್ಲಿ ಕರಗಿದ ಡೈ, ಬಿಸಿಲಿಗೆ ಬೇಗ ಮಾಸುತ್ತದೆ. ಕ್ರೆಯಾನ್ ಮತ್ತು ಪೋಸ್ಟರ್ ಕಲರಿನಲ್ಲಿ ಪುಡಿ ಬಣ್ಣ ಇರುವುದರಿಂದ ಸಾಮಾನ್ಯವಾಗಿ ಅವು ಹೆಚ್ಚು ತಡೆಯುತ್ತವೆ. ಒಲೆಯ ಹತ್ತಿರವೂ ಬೇಡ, ಅಲ್ಲಿ ಕಾಗದ ನೇತುಹಾಕುವುದೇ ತಪ್ಪು.

ಗೋಡೆ ಕೊರೆಯಲು ಆಗುವುದೇ ಇಲ್ಲ ಅಂತಾದರೆ ಬೋರ್ಡಿನ ಆಸೆ ಬಿಡಿ. ಕ್ಲಿಪ್ ಕೂತ ರೀಪನ್ನು ಮಾತ್ರ ಕಪಾಟಿನ ಬದಿಗೋ ಮರದ ಬಾಗಿಲಿಗೋ ಸ್ಕ್ರೂ ಮಾಡಿ. ನಿಜ ಹೇಳಬೇಕೆಂದರೆ ಕೆಲಸ ಮಾಡುವುದು ರೀಪೇ, ಹಲಗೆ ಬರೀ ಹಿನ್ನೆಲೆ. ದಾರ ಕಟ್ಟಿ ಕ್ಲಿಪ್ ಹಾಕುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಮಗುವಿನ ಕತ್ತಿನ ಎತ್ತರದಲ್ಲಿ ಸಡಿಲ ದಾರ ಇರಬಾರದು. ಕಿಟಕಿಯ ಬ್ಲೈಂಡ್ ಪರದೆಯ ಹಗ್ಗ ಕತ್ತಿಗೆ ಸಿಕ್ಕಿಕೊಂಡು ಆಗುವ ಅನಾಹುತ ಇಲ್ಲೂ ಆಗಬಹುದು.

ಟೇಪ್ ಹಾಕಿದ ಗೋಡೆಯಲ್ಲಿ ಇನ್ನೂ ಚಿತ್ರಗಳು ಉಳಿದಿದ್ದರೆ ಎಳೆದು ಕೀಳಬೇಡಿ. ಹೇರ್ ಡ್ರೈಯರಿನಿಂದ ಟೇಪನ್ನು ಬೆಚ್ಚಗೆ ಮಾಡಿ, ಗೋಡೆಗೆ ಒತ್ತಿಕೊಂಡಂತೆ ಹಿಂದಕ್ಕೆ ಮಡಚಿ, ನಿಧಾನವಾಗಿ ಸುಲಿಯಿರಿ. ಚಿತ್ರದ ಹಾಳೆಗೆ ಅಂಟಿದ ಟೇಪನ್ನು ತೆಗೆಯಲು ಹೋಗದೆ ಅಂಚನ್ನೇ ಕತ್ತರಿಸಿದರೆ ಎಷ್ಟೋ ಸಲ ವಾಸಿ. ಹಾಗೇ ಬಿಟ್ಟರೆ ಆ ಅಂಟು ಹಳದಿಯಾಗಿ ಕಾಗದಕ್ಕೆ ಕಲೆ ಮಾಡುತ್ತದೆ.

ಇನ್ನು ನಿಮ್ಮ ಮಗನ ಅಳು. ಹಳೆಯ ಚಿತ್ರ ಹೋಗುವುದಕ್ಕಿಂತ, ಅದನ್ನು ಬೇರೆ ಯಾರೋ ತೆಗೆಯುವುದು ಅವನಿಗೆ ನೋವು ಅಂತ ನನಗೆ ಅನ್ನಿಸುತ್ತದೆ. ಅವನಿಗೆ ಮೂರು ಜಾಗ ಇದೆ. ಹೊಸದು ಹಾಕಬೇಕಾದರೆ ಯಾವುದು ಇಳಿಯಬೇಕು ಅಂತ ಅವನೇ ಹೇಳಲಿ, ಅವನೇ ಇಳಿಸಲಿ. ಮೂರನ್ನೂ ತಿಂಗಳುಗಟ್ಟಲೆ ಬದಲಿಸದೆ ಇಟ್ಟುಕೊಂಡರೂ ಬಿಡಿ, ಅದು ಅವನ ಸಾಲು. ನಿಮಗೆ ಚೆಂದ ಕಂಡ ಚಿತ್ರವನ್ನು ಹಾಕು ಅಂತ ಒತ್ತಾಯ ಮಾಡಬೇಡಿ. ಅವನು ಗೀಚಿದ ನಾಲ್ಕು ಗೆರೆಯನ್ನೇ ಹಾಕಿ, ನೀವು ಮೆಚ್ಚಿದ ಮನೆ-ಬೆಟ್ಟ-ಸೂರ್ಯನನ್ನು ಮೂಲೆಗೆ ಎಸೆಯಬಹುದು. ಅವನಿಗೆ ಆ ಗೆರೆಗಳಲ್ಲಿ ಏನೋ ಕಂಡಿರುತ್ತದೆ, ಕೇಳಿ ನೋಡಿ.

ಇಳಿದ ಚಿತ್ರ ಕಸದ ಬುಟ್ಟಿಗೆ ಹೋಗುವುದಿಲ್ಲ ಅನ್ನುವುದು ಅವನಿಗೆ ಕಣ್ಣಾರೆ ಕಾಣಬೇಕು. ಎರಡು ದಪ್ಪ ರಟ್ಟುಗಳನ್ನು 35 ಮತ್ತು 45 ಸೆಂ.ಮೀ. ಅಳತೆಗೆ ಕತ್ತರಿಸಿ, ಒಂದು ಬದಿಗೆ ಬಟ್ಟೆ ಅಂಟಿಸಿ ಪುಸ್ತಕದ ಹಾಗೆ ಮಾಡಿ. ಎ3 ಹಾಳೆಯೂ ಅದರಲ್ಲಿ ಮಡಚದೆ ಹಿಡಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು. ಚಿತ್ರದ ಬೆನ್ನಿಗೆ ಪೆನ್ಸಿಲ್‌ನಲ್ಲಿ ತಾರೀಕು, ವಯಸ್ಸು, ಜೊತೆಗೆ ಅವರು ಆ ಚಿತ್ರದ ಬಗ್ಗೆ ಹೇಳಿದ ಮಾತು ಬರೆಯಿರಿ. ಬಾಲ್ ಪೆನ್ ಬೇಡ, ಒತ್ತಿ ಬರೆದದ್ದು ಮುಂದೆ ಮೂಡುತ್ತದೆ. ಕ್ರೆಯಾನ್ ಮತ್ತು ಆಯಿಲ್ ಪೇಸ್ಟಲ್ ಚಿತ್ರಗಳ ಮೇಲೆ ಒಂದು ಖಾಲಿ ಹಾಳೆ ಇಡಿ, ಇಲ್ಲದಿದ್ದರೆ ಮೇಣ ಮೇಲಿನ ಚಿತ್ರಕ್ಕೆ ಹತ್ತುತ್ತದೆ. ಪೋಸ್ಟರ್ ಕಲರ್ ದಪ್ಪಗೆ ಬಳಿದದ್ದನ್ನು ಸುರುಳಿ ಸುತ್ತಬೇಡಿ, ಬಣ್ಣ ಬಿರುಕು ಬಿಟ್ಟು ಉದುರುತ್ತದೆ. ಒದ್ದೆ ಚಿತ್ರವನ್ನು ಮೊದಲು ನೆಲದಲ್ಲಿ ಮಲಗಿಸಿ ಒಣಗಿಸಿ, ಆಮೇಲೆ ಕ್ಲಿಪ್ಪಿಗೆ. ಆ ರಟ್ಟಿನ ಕಡತ ತುಂಬಿದಾಗ ಮಕ್ಕಳ ಜೊತೆ ಕೂತು ಯಾವುದು ಇರಲಿ, ಯಾವುದರ ಫೋಟೋ ತೆಗೆದರೆ ಸಾಕು ಅಂತ ಆರಿಸಿ. ಫೋಟೋವನ್ನು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಚಿತ್ರಕ್ಕೆ ನೇರವಾಗಿ ಮೇಲಿನಿಂದ ತೆಗೆಯಿರಿ.

ಇನ್ನೂ ಒಂದಿದೆ. ಮರದ ಕ್ಲಿಪ್ಪಿನ ಸ್ಪ್ರಿಂಗ್ ಒಂದಲ್ಲ ಒಂದು ದಿನ ಸಡಿಲ ಆಗುತ್ತದೆ ಅಥವಾ ಕಳಚಿಕೊಳ್ಳುತ್ತದೆ. ಕಳಚಿದ ಸ್ಪ್ರಿಂಗ್ ಪಿನ್ನಿನಷ್ಟೇ ಚಿಕ್ಕದು. ಆದ್ದರಿಂದ ಮಗಳು ದೊಡ್ಡವಳಾಗುವವರೆಗೆ ಬೋರ್ಡ್ ಒರೆಸುವಾಗ ಹನ್ನೆರಡು ಕ್ಲಿಪ್ಪನ್ನೂ ಒಮ್ಮೆ ಒತ್ತಿ ನೋಡಿ. ಸಡಿಲ ಅನ್ನಿಸಿದ್ದನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದು, ಹಳೆಯ ಅಂಟನ್ನು ಉಜ್ಜಿ, ಅದೇ ಜಾಗಕ್ಕೆ ಹೊಸದನ್ನು ಅಂಟಿಸಿ. ಕ್ಲಿಪ್ ಕೊಳ್ಳುವಾಗಲೇ ಅದೇ ಅಳತೆಯ ಆರೆಂಟು ಜಾಸ್ತಿ ತೆಗೆದಿಟ್ಟುಕೊಳ್ಳಿ.